ದೇವರನ್ನು ನಂಬಿದ್ದೇನೆ, ಆದರೂ ನಾಳೆಯ ಭಯ ಬಿಡುತ್ತಿಲ್ಲ. ಏನು ಮಾಡಲಿ?

ಬೈಬಲಿನ ವಿಮೋಚನಕಾಂಡ 16ನೇ ಅಧ್ಯಾಯ ನಿಧಾನವಾಗಿ ಓದಿ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನ ತಲೆಗೆ ದಿನಕ್ಕೊಂದು ಓಮೆರ್, ಅಂದರೆ ಸುಮಾರು 2 ಲೀಟರ್ ಅಳತೆ. ಅವರ ನಾಯಕ ಮೋಶೆ ಬೇಡವೆಂದರೂ ಕೆಲವರು ಮರುದಿನಕ್ಕೆ ಉಳಿಸಿಕೊಂಡರು. ಅದು ಹುಳಬಿದ್ದು ನಾರಿತು. ಆರನೆಯ ದಿನ ದೇವರ ಮಾತಿನಂತೆ ಕೂಡಿಸಿದ ಎರಡು ಓಮೆರ್ ಮಾತ್ರ ಮರುದಿನ, ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲೂ ಕೆಡಲಿಲ್ಲ. ಹಾಗಾಗಿ ಉಳಿತಾಯ, ವಿಮೆ ಅಪನಂಬಿಕೆಯಲ್ಲ, ಖಂಡಿತ ಬಿಡಬೇಡಿ.

ಭಯ ಹತ್ತಿದಾಗ ಹಾಳೆಯೊಂದನ್ನು ಎರಡು ಭಾಗ ಮಾಡಿ. ಇವತ್ತೇ ಕೈಲಾಗುವುದನ್ನು (ಫೀಸು ಕಟ್ಟುವುದು, ಡಾಕ್ಟರಿಗೆ ತೋರಿಸುವುದು) ಒಂದು ಕಡೆ ಬರೆದು ಮಾಡಿಬಿಡಿ. ಫಲಿತಾಂಶ, ಬೇರೆಯವರ ಮನಸ್ಸು ಇನ್ನೊಂದು ಕಡೆಗೆ. ಬೈಬಲಿನ ಫಿಲಿಪ್ಪಿ ಪತ್ರ 4:6ರಂತೆ ಒಂದೊಂದನ್ನೂ ಹೆಸರಿಟ್ಟು, ಕೃತಜ್ಞತೆಯೊಡನೆ ದೇವರಿಗೆ ಒಪ್ಪಿಸಿ. ಹೆಚ್ಚಿನವರು ಎಡವುವುದು ಆಮೇಲೆ: ಆಮೆನ್ ಅಂದ ಕೂಡಲೇ ಮಗನಿಗೆ ಮತ್ತೆ ಮತ್ತೆ ಫೋನ್ ಮಾಡಿ ವಿಚಾರಿಸುತ್ತಾರೆ. ಆ ಫೋನನ್ನು ಸಂಜೆವರೆಗೆ ತಡೆದು ನೋಡಿ.