ಶಿಕ್ಷೆ ಮುಗಿದವನ ಕೈಗೆ ಸ್ಪ್ಯಾನರ್ ಕೊಡಬಾರದೇ?

ಪತ್ರ: ಟೆಕ್ಸಾಸ್‌ನಲ್ಲೇ ಹುಟ್ಟಿ ಬೆಳೆದ ನನ್ನ ತಂಗಿಯ ಮಗ ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದ, ಶಿಕ್ಷೆಯೂ ಆಯಿತು. ಈಗ ವಿಮಾನದ ಮೆಕ್ಯಾನಿಕ್ ಆಗುತ್ತಾನಂತೆ. ಅಂಥವರಿಗೆ ಆಜೀವ ನಿಷೇಧ ಬೇಡವೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಅಮಲೇರಿದ ಕೈ ವಿಮಾನ ಮುಟ್ಟಬಾರದು, ಒಪ್ಪಿದೆ. ಆದರೆ ‘ಆಜೀವ’ ಎಂಬ ಮಾತು ಸೋದರಮಾವನ ಲೇಖನಿಯಿಂದಲೇ ಬಂತಲ್ಲ ಎಂದು ಬೇಸರವಾಯಿತು.

ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎಯ 65.12ನೇ ನಿಯಮ ನೋಡಿ. ಮಾದಕವಸ್ತು ಅಪರಾಧ ಸಾಬೀತಾದರೆ, ಅಂತಿಮ ತೀರ್ಪಿನ ದಿನದಿಂದ ಹೆಚ್ಚೆಂದರೆ 1 ವರ್ಷ ಮೆಕ್ಯಾನಿಕ್ ಸರ್ಟಿಫಿಕೇಟಿನ ಅರ್ಜಿ ನಿರಾಕರಿಸಬಹುದು. ನಿರಾಕರಿಸಲೇಬೇಕು ಎಂದಿಲ್ಲ. ಏರ್‌ಫ್ರೇಮ್ (ವಿಮಾನದ ಒಡಲು), ಪವರ್‌ಪ್ಲಾಂಟ್ (ಎಂಜಿನ್) ಎರಡಕ್ಕೂ ಅನುಭವದ ಮೇಲೆ ಹೋಗುವವನಿಗೆ ಹೇಗೂ 30 ತಿಂಗಳ ಕೆಲಸದ ದಾಖಲೆ ಬೇಕು. ಆಮೇಲೆ ಲಿಖಿತ, ಮೌಖಿಕ, ಪ್ರಾಯೋಗಿಕ ಪರೀಕ್ಷೆಗಳು. ಆ ವರ್ಷ ಅದರಲ್ಲೇ ಕರಗುತ್ತದೆ.

ಹುಡುಗರು ಎಡವುವುದು 8610-2 ಎಂಬ ಅರ್ಜಿ ನಮೂನೆಯಲ್ಲಿ. ಮಾದಕವಸ್ತು ಪ್ರಕರಣದಲ್ಲಿ ಶಿಕ್ಷೆಯಾಗಿದೆಯೇ ಎಂದು ಅದು ನೇರವಾಗಿ ಕೇಳುತ್ತದೆ. ‘ಹೌದು’ ಎಂದು ಬರೆದು ವಿವರದ ಹಾಳೆ ಲಗತ್ತಿಸಬೇಕು. ನಾಚಿಕೆಗೆ ‘ಇಲ್ಲ’ ಎಂದರೆ ಎಫ್‌ಎಎ ನಿಯಮದ ಪ್ರಕಾರ ಅದೇ ಸುಳ್ಳಿಗೆ ಇರುವ ಸರ್ಟಿಫಿಕೇಟೂ ಹೋದೀತು.

ನಿಜವಾದ ಅಡ್ಡಗೋಡೆ ವಿಮಾನ ನಿಲ್ದಾಣದ ಬ್ಯಾಡ್ಜು. ಒಳಾವರಣದಲ್ಲಿ ಒಂಟಿಯಾಗಿ ಓಡಾಡುವ ಬ್ಯಾಡ್ಜಿಗೆ 10 ವರ್ಷ ಹಿಂದಕ್ಕೆ ಕೆದಕುತ್ತಾರೆ: ಮಾರಾಟದ ಅಪರಾಧ, ಅಥವಾ ಗರಿಷ್ಠ ಶಿಕ್ಷೆ 1 ವರ್ಷ ಮೀರುವಂಥ ಅಕ್ರಮ ಸಂಗ್ರಹ ಇದ್ದರೆ ಇಲ್ಲ. ಟೆಕ್ಸಾಸ್‌ನಲ್ಲಿ 2 ಔನ್ಸ್ ತನಕದ ಗಾಂಜಾ ಸೊಪ್ಪಿಗೆ ಗರಿಷ್ಠ 180 ದಿನ. ಅದೇ ಗಾಂಜಾದ ಎಣ್ಣೆ ತುಂಬಿದ ವೇಪ್ ಪೆನ್ನಾದರೆ (ಇ-ಸಿಗರೇಟು), 1 ಗ್ರಾಂ ಇಲ್ಲದಿದ್ದರೂ 2 ವರ್ಷದವರೆಗೆ. ಒಂದು ಪೆನ್ನಿಗೆ ಹತ್ತು ವರ್ಷದ ಗೇಟು! ಆ ಬ್ಯಾಡ್ಜು ಬೇಡದ ಕೆಲಸಗಳು ಮಾತ್ರ ಉಳಿಯುತ್ತವೆ.

ಇವತ್ತಿನ ಅಮಲು ಹಿಡಿಯಲು ಬೇರೆ ಜರಡಿ ಇದೆ. ಕೆಲಸಕ್ಕೆ ಸೇರುವ ಮುಂಚೆ ಮೂತ್ರ ಪರೀಕ್ಷೆ, ಸೇರಿದ ಮೇಲೆ ಹೇಳದೆ ಕೇಳದೆ ಪರೀಕ್ಷೆ. ಗಾಂಜಾಕ್ಕೆ ಅನುಮತಿ ಇರುವ ರಾಜ್ಯದವನಾದರೂ ‘ಅಲ್ಲಿ ಅದು ಕಾನೂನುಬದ್ಧ’ ಎಂಬ ಸಬೂಬು ನಡೆಯುವುದಿಲ್ಲ. ಸಿಕ್ಕಿಬಿದ್ದವನು ಮತ್ತೆ ಕೆಲಸಕ್ಕೆ ಬಂದರೆ ಮೊದಲ 12 ತಿಂಗಳಲ್ಲಿ ಕನಿಷ್ಠ 6 ಪರೀಕ್ಷೆ.

ಬೋಲ್ಟು ಸಡಿಲಾಗದಂತೆ ಅದಕ್ಕೆ ಸೇಫ್ಟಿ ವೈರ್ ಕಟ್ಟುವುದನ್ನೇ ನೋಡಿ. 0.032 ಇಂಚಿನ ತಂತಿಯಾದರೆ ಇಂಚಿಗೆ 6ರಿಂದ 8 ತಿರುವು. ಎಳೆತ ಬೋಲ್ಟನ್ನು ಬಿಗಿ ಮಾಡುವ ಕಡೆಗೇ ಇರಬೇಕು. ತಿರುಗುಮುರುಗಾದರೆ ತಂತಿ ಇದ್ದೂ ಬೋಲ್ಟು ಸಡಿಲಾಗುತ್ತದೆ. ಇನ್‌ಸ್ಪೆಕ್ಟರ್ ಟಾರ್ಚು, ಕನ್ನಡಿ ಹಿಡಿದು ನೋಡುವುದು ಆ ತಿರುವನ್ನು, ಹಳೇ ತೀರ್ಪನ್ನಲ್ಲ.

ನಮ್ಮಲ್ಲೇನು ಕಡಿಮೆ? 1985ರ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯ 64ಎ ಕಲಮಿನಲ್ಲಿ, ಅಲ್ಪ ಪ್ರಮಾಣದ ಪ್ರಕರಣದ ವ್ಯಸನಿ ತಾನಾಗಿ ಚಿಕಿತ್ಸೆಗೆ ಹೋಗಿ ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಗಳಿಗೆ ಗೊತ್ತು? ಮಾನಕ್ಕೆ ಅಂಜಿ ಮಗನನ್ನು ತೋಟದ ಮನೆಯಲ್ಲಿ ಬಚ್ಚಿಡುತ್ತೇವೆ. ಹಿಡಿದ ದಿನ ಪತ್ರಿಕೆಯಲ್ಲಿ ಫೋಟೊ, ಬಿಡುಗಡೆಯಾದ ದಿನ ಒಂದು ಸಾಲೂ ಇಲ್ಲ. ಈ ತಪ್ಪು ನಮ್ಮ ವೃತ್ತಿಯವರದೇ. ನಾಳೆ ಹಾಸನದ ಬೂವನಹಳ್ಳಿಯ ವಿಮಾನ ನಿಲ್ದಾಣಕ್ಕೂ ಮೆಕ್ಯಾನಿಕ್ಕುಗಳು ಬೇಕು, ಸ್ವಾಮಿ.

ತಂಗಿಗೆ ಇವತ್ತೇ ಫೋನ್ ಮಾಡಿ. ತೀರ್ಪಿನ ಪ್ರಮಾಣಿತ ಪ್ರತಿ ತೆಗೆಸಲಿ. ಅದರಲ್ಲಿ ತಾರೀಖು, ಕಲಮು, ಸೊಪ್ಪೋ ಎಣ್ಣೆಯೋ, ಮೂರನ್ನೂ ನೋಡಿಕೊಂಡು ಆಮೇಲೆ ಹುಡುಗ ಅರ್ಜಿ ಹಾಕಲಿ.