ನನ್ನ ಕಪ್ಪು ಕಾರಿನ ಧೂಳನ್ನು ದಿನಾ ಬೆಳಗ್ಗೆ ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಬಿಸಿಲಿನಲ್ಲಿ ಮಾತ್ರ ಅದರ ಮೇಲೆ ಬಲೆಯಂಥ ಗೀರುಗಳು ಕಾಣುತ್ತವೆ. ಅವನ್ನು ಮನೆಯಲ್ಲೇ ಪಾಲಿಶ್ ಮಾಡಿ ತೆಗೆಯಬಹುದೇ? ತಿಂಗಳಿಗೊಮ್ಮೆ ಮಾಡುತ್ತಿದ್ದರೆ ಒಳ್ಳೆಯದೇ?

ತೆಗೆಯಬಹುದು. ತಿಂಗಳಿಗೊಮ್ಮೆ ಮಾತ್ರ ಖಂಡಿತ ಬೇಡ.

ಪಾಲಿಶ್ ಅಂದರೆ ಮೇಲೆ ಏನನ್ನೋ ಹಚ್ಚುವುದು ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ, ಅದು ಪೇಂಟನ್ನು ತೇಯುವ ಕೆಲಸ. ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ, ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ. ತಲೆಗೂದಲೇ ಅದಕ್ಕಿಂತ ದಪ್ಪ. ಗೀರಿನ ಅಂಚುಗಳನ್ನು ತೇಯ್ದು ಸಮ ಮಾಡಿದಾಗ ಬೆಳಕು ಚದುರುವುದು ನಿಂತು ಹೊಳಪು ಬರುತ್ತದೆ. ಪ್ರತಿ ಸಲ ಆ ಪದರ ಒಂದಿಷ್ಟು ಸವೆಯುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ತಿಂಗಳಿಗೊಮ್ಮೆ ಬೇಕಾದರೆ ವ್ಯಾಕ್ಸ್ ಹಚ್ಚಿ. ಅದು ತೇಯುವುದಿಲ್ಲ, ಮೇಲೆ ಕೂತು ಕಾಯುತ್ತದೆ.

ಮೊದಲು ಕಾರ್ ಶಾಂಪೂ ಹಾಕಿ ಚೆನ್ನಾಗಿ ತೊಳೆದು ಒರೆಸಿ. ಆಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲವೊಂದನ್ನು ಕೈಗೆ ಹಾಕಿಕೊಂಡು ಬಾನೆಟ್ ಮೇಲೆ ಸವರಿ ನೋಡಿ. ಬರಿಗೈಗೆ ನುಣುಪು ಅನ್ನಿಸಿದ್ದು ಆಗ ಮರಳು ಕಾಗದದಂತೆ ಗರಗರ ಅನ್ನುತ್ತದೆ. ತೊಳೆದರೂ ಹೋಗದೆ ಕಚ್ಚಿಕೊಂಡ ಕೊಳೆ ಅದು. ಅದರ ಮೇಲೆಯೇ ಪಾಲಿಶ್ ಉಜ್ಜಿದರೆ ಹೊಸ ಗೀರು ಗ್ಯಾರಂಟಿ. ಕ್ಲೇ ಬಾರ್ (ಇಂಥ ಕೊಳೆಯನ್ನು ಎತ್ತುವ, ಜೇಡಿಮಣ್ಣಿನಂಥ ಮೆತ್ತನೆಯ ಮುದ್ದೆ) ತಂದು, ಅದರ ಜೊತೆ ಬಳಸುವ ಜಾರುವ ದ್ರವವನ್ನು ಧಾರಾಳವಾಗಿ ಸಿಂಪಡಿಸಿ, ಒತ್ತದೆ ಹಗುರವಾಗಿ ಆಡಿಸಿ. ಕ್ಲೇ ನೆಲಕ್ಕೆ ಬಿದ್ದರೆ ಜಿಪುಣತನ ಬೇಡ, ಎಸೆದುಬಿಡಿ.

ಇನ್ನು ಗೀರು. ಉಗುರನ್ನು ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಆ ಗೀರು ಪಾಲಿಶಿಗೆ ಹೋಗದು, ಅದರ ಹಿಂದೆ ಬೀಳಬೇಡಿ. ನೀವು ಹೇಳಿದಂತೆ ಬಿಸಿಲಿನಲ್ಲಿ ಮಾತ್ರ ಕಾಣುವ ಬಲೆ ಹೆಚ್ಚಾಗಿ ಮೇಲ್ಮೇಲಿನದ್ದೇ.

ಕೈಯಲ್ಲೂ ಮಾಡಬಹುದು, ಆದರೆ ತೋಳು ಬಿದ್ದುಹೋಗುತ್ತದೆ, ಫಲಿತಾಂಶವೂ ಅರೆಬರೆ. ಮಷಿನ್ ಕೊಳ್ಳುವುದಾದರೆ ಡ್ಯುಯಲ್ ಆಕ್ಷನ್ ಕೊಳ್ಳಿ. ಅದರ ಪ್ಯಾಡ್ ತಿರುಗುತ್ತಲೇ ಓಲಾಡುವುದರಿಂದ ಒಂದೇ ಜಾಗ ಅಷ್ಟು ಬೇಗ ಬಿಸಿಯಾಗುವುದಿಲ್ಲ. ಬರೀ ಗಿರಗಿರ ತಿರುಗುವ ರೋಟರಿಯನ್ನು ಯಾರೋ ಕೊಟ್ಟರು ಅಂತ ನಾನು ಮೊದಲ ಸಲವೇ ಹಿಡಿದೆ. ಬಾಗಿಲಿನ ಅಂಚಿನ ಹತ್ತಿರ ಎರಡು ಕ್ಷಣ ಹೆಚ್ಚು ನಿಂತೆ, ಅಷ್ಟೇ. ರುಪಾಯಿ ಅಗಲದಷ್ಟು ಪೇಂಟು ಎದ್ದು ಒಳಗಿನ ಪ್ರೈಮರ್ ಕಂಡಿತು. ಅಂಚು, ಮಡಿಕೆಗಳಲ್ಲಿ ಪೇಂಟು ತೆಳುವಾಗಿರುತ್ತದೆ ಅನ್ನುವುದು ಗೊತ್ತಾದದ್ದು ಹಾಗೆ. ಈಗ ಅಂಚುಗಳಿಗೂ ಕಪ್ಪು ಪ್ಲಾಸ್ಟಿಕ್ ಪಟ್ಟಿಗಳಿಗೂ ಮಾಸ್ಕಿಂಗ್ ಟೇಪ್ ಹಚ್ಚದೆ ಮಷಿನ್ ಮುಟ್ಟುವುದಿಲ್ಲ. (ಪ್ಲಾಸ್ಟಿಕ್ಕಿಗೆ ಪಾಲಿಶ್ ತಗುಲಿ ಒಣಗಿದರೆ ಬಿಳಿ ಕಲೆ, ಬಿಡಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ.)

ನೆರಳಿನಲ್ಲಿ, ತಗಡು ಮುಟ್ಟಿದರೆ ತಣ್ಣಗಿರುವಾಗ ಶುರುಮಾಡಿ. ಇಡೀ ಕಾರಿಗೆ ಕೈಹಾಕಬೇಡಿ. ಒಂದೂವರೆ-ಎರಡು ಅಡಿ ಚೌಕದಲ್ಲಿ, ಮೆತ್ತನೆಯ ಫೋಮ್ ಪ್ಯಾಡಿಗೆ ಅತಿ ನಯವಾದ ಪಾಲಿಶ್ ನಾಲ್ಕೈದು ಹನಿ ಹಾಕಿ ಪರೀಕ್ಷಿಸಿ. ಮಷಿನನ್ನು ಅವಸರಿಸದೆ ಅಡ್ಡಕ್ಕೆ, ಆಮೇಲೆ ಉದ್ದಕ್ಕೆ, ಪ್ರತಿ ಸಾಲೂ ಹಿಂದಿನದನ್ನು ಅರ್ಧ ಮುಚ್ಚುವ ಹಾಗೆ ನಡೆಸಿ. ಪ್ಯಾಡಿನ ಹಿಂದಿನ ತಟ್ಟೆಯ ಅಂಚಿಗೆ ಮಾರ್ಕರಿನಿಂದ ಒಂದು ಗೆರೆ ಎಳೆದಿಟ್ಟರೆ ತಿರುಗುತ್ತಿದೆಯೋ ಇಲ್ಲವೋ ಕಾಣುತ್ತದೆ. ಜಾಸ್ತಿ ಒತ್ತಿದರೆ ತಿರುಗುವುದೇ ನಿಲ್ಲುತ್ತದೆ.

ಒರೆಸಿದಾಗ ಕನ್ನಡಿಯಂತೆ ಕಂಡರೂ ನಂಬಬೇಡಿ. ಪಾಲಿಶ್‌ನಲ್ಲಿರುವ ಎಣ್ಣೆಯಂಶ ಗೀರನ್ನು ಮುಚ್ಚಿಡುತ್ತದೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒಮ್ಮೆ ಒರೆಸಿ, ಟಾರ್ಚ್ ಬಿಟ್ಟು ನೋಡಿ. ಗೀರು ಉಳಿದಿದ್ದರೆ ಮಾತ್ರ ಒಂದು ಮೆಟ್ಟಿಲು ಒರಟಾದ ಪಾಲಿಶಿಗೆ ಹೋಗಿ. ಕಾಂಪೌಂಡ್ ಎಂಬ ತೀರಾ ಒರಟು ಪಾಲಿಶ್ ಮೊದಲೇ ಬೇಡ. ಸರಿಬಂದರೆ ಅದೇ ಕ್ರಮದಲ್ಲಿ ಉಳಿದ ಭಾಗ ಮುಗಿಸಿ, ಕೊನೆಗೆ ವ್ಯಾಕ್ಸ್.

ದಿನಾ ಬೆಳಗ್ಗೆ ಒಣ ಬಟ್ಟೆಯಲ್ಲಿ ಧೂಳು ಒರೆಸುತ್ತೇನೆ ಅಂತ ಬರೆದಿದ್ದೀರಲ್ಲ, ಆ ಬಲೆ ನೇಯ್ದದ್ದು ಬಹುಶಃ ಅದೇ. ಪಾಲಿಶ್ ಆದ ಮಾರನೆಯ ದಿನದಿಂದಲೂ ಅದೇ ಬಟ್ಟೆ ಹಿಡಿಯುವುದಾದರೆ ಮಷಿನಿಗೆ ದುಡ್ಡು ಹಾಕಬೇಡಿ.