ಟಿಟಿಕಾಕಾ ಪ್ರವಾಸ: ನಿಮ್ಮ ಪ್ಲಾನ್ ತಲೆಕೆಳಗಾಗಿದೆ!

ಪ್ರಶ್ನೆ: ಮೇ ಕೊನೆಯಲ್ಲಿ ನಾವು ಗಂಡ ಹೆಂಡತಿ, ಜೊತೆಗೆ 63 ವರ್ಷದ ಅಮ್ಮ, ಪೆರು ಮತ್ತು ಬೊಲಿವಿಯಾಕ್ಕೆ ಹೊರಟಿದ್ದೇವೆ. ಲಿಮಾದಿಂದ ಸೀದಾ ಲಾ ಪಾಜ್‌ಗೆ ವಿಮಾನ. ಮಾರನೇ ದಿನ ತಿವಾನಾಕು ಅನ್ನುವ ಪುರಾತನ ನಗರದ ಅವಶೇಷ, ಅದರ ಮಾರನೇ ದಿನ ಟಿಟಿಕಾಕಾ ಸರೋವರದ ಸೂರ್ಯ ದ್ವೀಪ, ಚಂದ್ರ ದ್ವೀಪ ಎರಡೂ. ನಾಲ್ಕನೇ ದಿನ ಪುನೋ. ಆಮೇಲೆ ಕುಸ್ಕೊ, ಮಚು ಪಿಚು. ಅಮ್ಮನಿಗೆ ಮೊಣಕಾಲು ನೋವಿದೆ. ಇದು ಆಗುತ್ತಾ ಸಾರ್?
– ಹಾಸನದ ಓದುಗರು

ಉತ್ತರ: ಆಗಲ್ಲ. ಹಾಗಂತ ಜಾಗ ಯಾವುದನ್ನೂ ಕೈಬಿಡಬೇಕಿಲ್ಲ, ಇದೇ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿಕೊಳ್ಳಿ, ಎರಡು ಮೂರು ದಿನ ಜಾಸ್ತಿ ಸೇರಿಸಿ, ಅಷ್ಟೇ.

ಮೊದಲು ಎತ್ತರದ ಮಾತು. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಟಿಟಿಕಾಕಾ ಸರೋವರದ ನೀರು ನಿಂತಿರುವುದೇ 3,812 ಮೀಟರ್ ಎತ್ತರದಲ್ಲಿ. ಲಾ ಪಾಜ್‌ನ ವಿಮಾನ ನಿಲ್ದಾಣ ಇನ್ನೂ ಮೇಲೆ, 4,060 ಮೀಟರ್ ಹತ್ತಿರ. ಸಮುದ್ರ ಮಟ್ಟದ ಲಿಮಾದಿಂದ ಎರಡು ಗಂಟೆಯಲ್ಲಿ ಅಲ್ಲಿಗೆ ಹೋಗಿ ಇಳಿದರೆ ದೇಹಕ್ಕೆ ಏನಾಗಬೇಡ ಹೇಳಿ. ಮೊದಲ ಸಲ ನಾನೂ ಹೀಗೇ ಹೋಗಿದ್ದೆ. ಸೂಟ್‌ಕೇಸ್ ಎಳೆದುಕೊಂಡು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಏದುಸಿರು, ರಾತ್ರಿಯಿಡೀ ತಲೆಸಿಡಿತ, ಮಾರನೇ ದಿನ ಎಲ್ಲರೂ ತಿವಾನಾಕುಗೆ ಹೋದಾಗ ನಾನು ಹೋಟೆಲ್ ರೂಮಿನ ಸೂರು ನೋಡುತ್ತಾ ಮಲಗಿದ್ದೆ. ಅಲ್ಲಿನವರು ಇದಕ್ಕೆ ಸೊರೋಚೆ ಅನ್ನುತ್ತಾರೆ. ವಯಸ್ಸಿನವರಿಗೇ ಬರಬೇಕು ಅಂತಿಲ್ಲ, ಗಟ್ಟಿಮುಟ್ಟಾದ ಹುಡುಗರನ್ನೂ ಕೆಡವುತ್ತದೆ.

ಆದ್ದರಿಂದ ಲಿಮಾದಿಂದ ಕುಸ್ಕೊಗೆ ಹಾರಿ, ಊರಲ್ಲಿ ನಿಲ್ಲದೆ ಅವತ್ತೇ ಕೆಳಗಿನ ಉರುಬಾಂಬಾ ಕಣಿವೆಗೆ ಇಳಿದುಬಿಡಿ. ಅದು 2,800 ಮೀಟರ್ ಆಸುಪಾಸು. ಅಲ್ಲಿ ಎರಡು ರಾತ್ರಿ. ಮಚು ಪಿಚು ಅದಕ್ಕಿಂತ ಕೆಳಗೆ, 2,430. ಆಮೇಲೆ ಕುಸ್ಕೊ (3,400), ಅಲ್ಲಿಂದ ಪುನೋ, ಗಡಿ ದಾಟಿ ಕೋಪಕಬಾನಾ, ದ್ವೀಪ, ತಿವಾನಾಕು, ಕೊನೆಗೆ ಲಾ ಪಾಜ್‌ನಿಂದ ವಾಪಸ್. ಎತ್ತರಕ್ಕೆ ಕೊಡುವ ಮಾತ್ರೆ ಇದೆ, ಆದರೆ ಸಲ್ಫಾ ಅಲರ್ಜಿ, ಬಿಪಿ ಎಲ್ಲ ನೋಡಿ ಕೊಡಬೇಕಾದದ್ದು. ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕೇಳಿ, ಸುಮ್ನೆ ಅಂಗಡಿಯಲ್ಲಿ ತೆಗೆದುಕೊಳ್ಳಬೇಡಿ. ಕೋಕಾ ಎಲೆಯ ಕಷಾಯ ಅಲ್ಲಿ ಎಲ್ಲ ಹೋಟೆಲಲ್ಲೂ ಕೊಡುತ್ತಾರೆ, ಕುಡಿಯಿರಿ. ಆದರೆ ಒಂದು ಎಲೆಯೂ ಬ್ಯಾಗಿನಲ್ಲಿ ಊರಿಗೆ ಬರಬಾರದು, ನಮ್ಮಲ್ಲಿ ಅದು ಅಪರಾಧ.

ಈ ದಾರಿಯಲ್ಲಿ ಇನ್ನೊಂದು ಲಾಭ ಇದೆ, ನನಗೆ ಅದೇ ಹೆಚ್ಚು ಇಷ್ಟ. ಚರಿತ್ರೆಯಲ್ಲೂ ನೀವು ಹಿಂದಕ್ಕೆ ನಡೆಯುತ್ತೀರಿ. ಕುಸ್ಕೊ ಇಂಕಾಗಳ ರಾಜಧಾನಿ. ಆ ಇಂಕಾಗಳನ್ನೇ ನೀವು ಎಲ್ಲಿಂದ ಬಂದವರಪ್ಪಾ ಅಂತ ಕೇಳಿದ್ದರೆ ಈ ಸರೋವರದ ಕಡೆ ಕೈ ತೋರಿಸುತ್ತಿದ್ದರು. ಮೊದಲ ದೊರೆ ಮಾಂಕೊ ಕಾಪಾಕ್, ಅವನ ಹೆಂಡತಿ ಮಾಮಾ ಒಕ್ಲೊ ಇಲ್ಲಿಂದಲೇ ಹೊರಟವರು, ಸೂರ್ಯ ಹುಟ್ಟಿದ್ದೂ ಇಲ್ಲೇ ಅನ್ನುವುದು ಅವರ ಕಥೆ. ಆದರೆ ಇಂಕಾಗಳು ಇತ್ತ ಬಂದದ್ದು 15ನೇ ಶತಮಾನದಲ್ಲಿ. ಅಷ್ಟು ಹೊತ್ತಿಗೆ ತಿವಾನಾಕು ಪಾಳುಬಿದ್ದು ನಾಲ್ಕು ಶತಮಾನವೇ ಆಗಿತ್ತು. ಸೂರ್ಯ ದ್ವೀಪದ ಹತ್ತಿರ ಕೋವಾ ಅನ್ನುವ ಕಡೆ ನೀರೊಳಗೆ 2013ರಲ್ಲಿ ಹುಡುಕಿದಾಗ ತಿವಾನಾಕು ಕಾಲದ ಕಾಣಿಕೆಗಳೇ ಸಿಕ್ಕವು, ಚಿನ್ನದ ತಗಡು, ಧೂಪದ ಪಾತ್ರೆ, ದೂರದ ಬೆಚ್ಚಗಿನ ಕಡಲಿನ ಚಿಪ್ಪು. ಅಂದರೆ ಜಾಗ ಮೊದಲೇ ಕ್ಷೇತ್ರವಾಗಿತ್ತು, ಇಂಕಾಗಳು ಬಂದು ಧ್ವಜ ಏರಿಸಿದರು ಅಷ್ಟೇ. ಅಲ್ಲಿದ್ದ ಜನರನ್ನು ಎಬ್ಬಿಸಿ ಯುಂಗುಯೊ ಕಡೆ ಕಳಿಸಿ, ತಮ್ಮ ಕಡೆಯವರನ್ನು ತಂದು ಕೂರಿಸಿದರು.

ಈಗ ಜಾಗಗಳು. ಪುನೋದಲ್ಲಿ ಎರಡು ರಾತ್ರಿ. ಉರೋಸ್ ಜನರ ಜೊಂಡಿನ ತೇಲುವ ದ್ವೀಪ ನೋಡುವಂಥದ್ದೇ, ಆದರೆ ಈಗ ಅರ್ಧ ಭಾಗ ಪ್ರವಾಸಿಗರಿಗಾಗಿ ನಡೆಯುವ ಅಂಗಡಿ. ಒಂದು ಗಂಟೆ ಸಾಕು. ಉಳಿದ ಹೊತ್ತಿಗೆ ಸಿಲ್ಲುಸ್ತಾನಿಗೆ ಹೋಗಿ. ಉಮಾಯೊ ಅನ್ನುವ ಚಿಕ್ಕ ಕೆರೆಯ ದಂಡೆಯ ಗುಡ್ಡದ ಮೇಲೆ ಕೊಲ್ಲಾ ಜನರ ಗೋರಿ ಗೋಪುರಗಳಿವೆ. ಎತ್ತರದ್ದು 12 ಮೀಟರ್. ಬುಡಕ್ಕಿಂತ ತಲೆ ಅಗಲ, ಬಾಗಿಲು ಮಾತ್ರ ಪೂರ್ವಕ್ಕೆ, ಅದೂ ತೆವಳಿಕೊಂಡು ಹೋಗುವಷ್ಟೇ. ಸಂಜೆ ಬಿಸಿಲಿನಲ್ಲಿ ಹೋದರೆ ಹೆಚ್ಚಾಗಿ ಯಾರೂ ಇರುವುದಿಲ್ಲ.

ಗಡಿ ದಾಟಿದರೆ ಕೋಪಕಬಾನಾ. ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಿ. ಇಲ್ಲಿಯ ಚರ್ಚಿನಲ್ಲಿರುವ ಮಾತೆಯ ಮೂರ್ತಿಯನ್ನು 1583ರಲ್ಲಿ ಕೆತ್ತಿದವನು ಇಂಕಾ ವಂಶದ ಫ್ರಾನ್ಸಿಸ್ಕೊ ಟಿಟೊ ಯುಪಾಂಕಿ. ರಿಯೊದ ಆ ಪ್ರಸಿದ್ಧ ಬೀಚಿಗೆ ಹೆಸರು ಬಂದದ್ದು ಈ ಊರಿನಿಂದ, ಉಲ್ಟಾ ಅಲ್ಲ. ಚರ್ಚಿನ ಮುಂದೆ ಸಾಲಾಗಿ ಕಾರು, ಲಾರಿ, ಮಿನಿಬಸ್ಸು. ಬಾನೆಟ್ಟಿನ ಮೇಲೆ ಹೂವಿನ ಹಾರ, ಬಣ್ಣದ ಕಾಗದ. ಪಾದ್ರಿ ಬಂದು ಎಂಜಿನ್ ಮೇಲೂ ಸ್ಟಿಯರಿಂಗ್ ಮೇಲೂ ನೀರು ಚಿಮುಕಿಸುತ್ತಾರೆ, ಅವರು ಮುಂದಿನ ಗಾಡಿಗೆ ಹೋದ ತಕ್ಷಣ ಮಾಲೀಕ ಬಿಯರ್ ಬಾಟಲಿ ಕುಲುಕಿ ಟೈರಿಗೆಲ್ಲ ಎರಚುತ್ತಾನೆ. ಅಮ್ಮನಿಗೆ ಯಾರೂ ವಿವರಿಸುವುದೇ ಬೇಡ, ಆಯುಧಪೂಜೆ ಅಂತ ಅವರಿಗೇ ಗೊತ್ತಾಗುತ್ತದೆ.

ಸೂರ್ಯ ದ್ವೀಪಕ್ಕೆ ದೋಣಿಯಲ್ಲಿ ಒಂದೂವರೆ ಗಂಟೆ. ಬೆಳಿಗ್ಗೆ ಹೋಗಿ ಸಂಜೆ ಬರಬೇಡಿ, ಒಂದು ರಾತ್ರಿ ಇರಿ. ಗಾಡಿ ಮೋಟಾರು ಇಲ್ಲದ ಜಾಗ. ದಿನದ ದೋಣಿಗಳೆಲ್ಲ ಹೋದ ಮೇಲೆ ಕತ್ತೆಗಳ ಗೊರಸಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ, ಎದುರಿಗೆ ಹಿಮದ ಬೆಟ್ಟಗಳ ಸಾಲು. ಆದರೆ ಯುಮಾನಿಯಲ್ಲಿ ಇಳಿದ ತಕ್ಷಣ ಇಂಕಾ ಮೆಟ್ಟಿಲು ಹತ್ತಬೇಕು, ಇನ್ನೂರಕ್ಕೂ ಜಾಸ್ತಿ. ಸಾಮಾನು ಕತ್ತೆಯ ಮೇಲೆ ಹಾಕಿ, ಅಮ್ಮ ನಿಧಾನವಾಗಿ ಬರಲಿ. ಅದು ಕಷ್ಟ ಅನ್ನಿಸಿದರೆ ಅವರಿಗೆ ಚಂದ್ರ ದ್ವೀಪವೇ ಚೆಂದ. ಇಂಕಾ ಕಾಲದಲ್ಲಿ ದೇವರಿಗೆ ಮುಡಿಪಾದ ಹೆಣ್ಣುಮಕ್ಕಳು ಇದ್ದರು ಅನ್ನುವ ಇನ್ಯಾಕ್ ಉಯು ಕಟ್ಟಡ ದೋಣಿಕಟ್ಟೆಯಿಂದ ಸ್ವಲ್ಪವೇ ಮೇಲಿದೆ.

ಸೂರ್ಯ ದ್ವೀಪದ ಉತ್ತರ ತುದಿಯಲ್ಲಿ, ಸೂರ್ಯ ಹುಟ್ಟಿದ್ದು ಇಲ್ಲೇ ಅಂತ ಇಂಕಾಗಳು ನಂಬಿದ್ದ ಪವಿತ್ರ ಬಂಡೆ ಇದೆ. ನಿಜ ಹೇಳಬೇಕೆಂದರೆ ಮೊದಲ ನೋಟಕ್ಕೆ ಇಷ್ಟೇನಾ ಅನ್ನಿಸುತ್ತದೆ, ಸಾಧಾರಣ ಕೆಂಪು ಕಲ್ಲು. 17ನೇ ಶತಮಾನದಲ್ಲಿ ಪಾದ್ರಿ ಬೆರ್ನಾಬೆ ಕೋಬೊ ಬರೆದಿದ್ದನ್ನು ನೆನೆಸಿಕೊಂಡು ನೋಡಿ: ಬಂಡೆಗೆ ಚಿನ್ನದ ಹೊದಿಕೆ, ನಯವಾದ ಬಟ್ಟೆ, ಯಾತ್ರಿಕರು ಒಂದರ ಹಿಂದೆ ಒಂದು ಬಾಗಿಲು ದಾಟಿ ತಪ್ಪೊಪ್ಪಿಕೊಂಡು ಬರಬೇಕು, ಅಷ್ಟಾದರೂ ಹತ್ತಿರ ಬಿಡುತ್ತಿರಲಿಲ್ಲ. ದೂರದಿಂದಲೇ ಕೈಮುಗಿದು ಕಾಣಿಕೆ ಕೊಟ್ಟು ವಾಪಸ್. ಒಂದು ಎಚ್ಚರಿಕೆ: 2017ರಿಂದ ದ್ವೀಪದ ಹಳ್ಳಿಗಳ ನಡುವೆ ಜಗಳವಾಗಿ ಉತ್ತರದ ಭಾಗ ಬಹಳ ಕಾಲ ಮುಚ್ಚಿತ್ತು. ಹೋಗುವ ಮುಂಚೆ ಕೋಪಕಬಾನಾದ ದೋಣಿಯವರನ್ನು ಕೇಳಿಕೊಳ್ಳಿ.

ಅಲ್ಲಿಂದ ಲಾ ಪಾಜ್ ಕಡೆ ಹೋಗುವಾಗ ಟಿಕಿನಾದಲ್ಲಿ ಬಸ್ಸಿಂದ ಇಳಿಸುತ್ತಾರೆ, ಗಾಬರಿಯಾಗಬೇಡಿ. ನೀವು ಚಿಕ್ಕ ದೋಣಿಯಲ್ಲಿ, ಬಸ್ಸು ಮರದ ಹಲಗೆಯ ತೆಪ್ಪದ ಮೇಲೆ ಓಲಾಡುತ್ತಾ ಬರುತ್ತದೆ. ಪಾಸ್‌ಪೋರ್ಟು, ದುಡ್ಡು ಕೈಯಲ್ಲಿರಲಿ.

ವೀಸಾ ನಿಯಮ ಬದಲಾಗುತ್ತಿರುತ್ತದೆ, ಎರಡೂ ದೇಶದ ರಾಯಭಾರ ಕಚೇರಿಯ ಸೈಟಿನಲ್ಲೇ ನೋಡಿ. ಹಳದಿ ಜ್ವರದ ಲಸಿಕೆ ಮಾತ್ರ ಮರೆಯಬೇಡಿ. ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿ ಕಾರ್ಡು ಇಟ್ಟುಕೊಳ್ಳಿ, ಇಲ್ಲದಿದ್ದರೆ ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಕ್ವಾರಂಟೈನ್ ಮಾಡಬಹುದು. ಅಮ್ಮನಿಗೆ 60 ದಾಟಿರುವುದರಿಂದ ಇದನ್ನೂ ಡಾಕ್ಟರ ಹತ್ತಿರ ಮೊದಲೇ ಮಾತಾಡಿ.

ಪ್ರಶ್ನೆ: ತಿವಾನಾಕು ಹತ್ತಿರದ ಪೂಮಾಪುಂಕು ಕಲ್ಲುಗಳನ್ನು ಮನುಷ್ಯರು ಕೆತ್ತಲು ಸಾಧ್ಯವೇ ಇಲ್ಲ, ಬೇರೆ ಗ್ರಹದವರು ಬಂದಿದ್ದರು ಅಂತ ವಿಡಿಯೊದಲ್ಲಿ ನೋಡಿದೆ. ನಿಜವಾ?
– ಶಿವಮೊಗ್ಗದ ವಿದ್ಯಾರ್ಥಿ

ಉತ್ತರ: ನಿಜ ಅಲ್ಲ ಕಣಪ್ಪಾ. ಕಟ್ಟಿದ್ದು ಸುಮಾರು 6ನೇ ಶತಮಾನದಲ್ಲಿ, ಅಲ್ಲಿಯ ಜನರೇ. ದೊಡ್ಡ ಚಪ್ಪಡಿ 131 ಟನ್, ಅದು ಕೆಂಪು ಮರಳುಗಲ್ಲು, ಸುಮಾರು 10 ಕಿಲೋಮೀಟರ್ ದೂರದ ಗಣಿಯದು. ನಯವಾಗಿ ಕೆತ್ತಿದ ಬೂದು ಕಲ್ಲು ಬೇರೆ, ಅವು ಚಿಕ್ಕವು, ಸರೋವರದ ಆಚೆಯಿಂದ ಬಂದವು. ವಿಡಿಯೊದವರು ಎರಡನ್ನೂ ಬೆರೆಸಿ ಹೇಳುತ್ತಾರೆ. ಹೋದರೆ ಕಲ್ಲಿನ ಅಂಚಿನಲ್ಲಿ ಇಂಗ್ಲಿಷ್ ಐ ಅಕ್ಷರದಂಥ ಗುಂಡಿ ಹುಡುಕಿ. ಎರಡು ಕಲ್ಲು ಜೋಡಿಸಿ, ತಾಮ್ರದ ಮಿಶ್ರಲೋಹ ಕರಗಿಸಿ ಆ ಗುಂಡಿಗೇ ಸುರಿದು ಬೆಸುಗೆ ಹಾಕುತ್ತಿದ್ದರು. ಕಲ್ಲುಗಳು ಈಗ ಚೆಲ್ಲಾಪಿಲ್ಲಿಯಾಗಿವೆ, ಊರಿನ ಚರ್ಚಿಗೂ ರೈಲು ದಾರಿಗೂ ಹೊತ್ತುಕೊಂಡು ಹೋದವರಿದ್ದಾರೆ. 2018ರಲ್ಲಿ ಸಂಶೋಧಕರು ತುಂಡುಗಳ ಪುಟ್ಟ ಮಾದರಿಗಳನ್ನು 3ಡಿ ಪ್ರಿಂಟ್ ಮಾಡಿ, ಮಕ್ಕಳ ಆಟದಂತೆ ಜೋಡಿಸಿ ನೋಡಿದರು, ಕಟ್ಟಡದ ಆಕಾರ ಸಿಕ್ಕಿತು. ತಿವಾನಾಕುವಿನ ಕಾಲಸಸಾಯಾ ಅನ್ನುವ ಗುಡಿಯಂಗಳದ ಅಚ್ಚುಕಟ್ಟಾದ ಗೋಡೆ ಬಹುಪಾಲು 1960ರ ದಶಕದಲ್ಲಿ ಮತ್ತೆ ಕಟ್ಟಿದ್ದು, ಅದನ್ನು ನೋಡಿ ಬೆರಗಾಗಬೇಡಿ. ಬೆರಗಾಗಬೇಕಾದದ್ದು ಮ್ಯೂಸಿಯಂ ಒಳಗಿದೆ. 7 ಮೀಟರಿಗೂ ಎತ್ತರದ, ಮನುಷ್ಯಾಕಾರದ ಬೆನೆಟ್ ಕಂಬ, 1932ರಲ್ಲಿ ಸಿಕ್ಕಿದ್ದು. ಲಾ ಪಾಜ್ ನಗರದ ಹೊಗೆಯಲ್ಲಿ ದಶಕಗಟ್ಟಲೆ ನಿಂತು 2002ರಲ್ಲಿ ತಿವಾನಾಕುಗೆ ಮರಳಿತು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಆ ಕಡೆ ಊಟ ಸಿಗುತ್ತಾ?
– ಉಡುಪಿಯ ಓದುಗರು

ಉತ್ತರ: ಸಿಗುತ್ತೆ, ಹುಷಾರಾಗಿ ಕೇಳಬೇಕು. ಕೀನೋವಾ ಸೂಪು, ಬಗೆಬಗೆಯ ಆಲೂಗಡ್ಡೆ, ಜೋಳ ಧಾರಾಳ. ಮಾಂಸ ಬೇಡ ಅಂದರೆ ಕೋಳಿ ಹಾಕಿ ಕೊಟ್ಟಾರು, ಅವರ ಲೆಕ್ಕದಲ್ಲಿ ಕೋಳಿ ಮಾಂಸ ಅಲ್ಲ! ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ (ಮಾಂಸ, ಕೋಳಿ, ಮೀನು ಇಲ್ಲದೆ) ಅಂತ ಮೂರನ್ನೂ ಹೇಳಿ. ಸೂಪಿನ ಸಾರು ಯಾವುದರದ್ದು ಅಂತಲೂ ಕೇಳಿ. ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಕಾಲಲ್ಲಿ ತುಳಿದು ನೀರು ತೆಗೆದು, ಒಣಗಿಸಿದ ಆಲೂಗಡ್ಡೆ ಚುನ್ಯೊ. ವರ್ಷಗಟ್ಟಲೆ ಕೆಡುವುದಿಲ್ಲ. ರುಚಿ ಮಾತ್ರ ನನಗೆ ಇವತ್ತಿಗೂ ಹಿಡಿಸಿಲ್ಲ. ಆ ಎತ್ತರದಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುವುದರಿಂದ ಬೇಳೆ ಬೇಯುವುದು ಕಷ್ಟ, ರೂಮಿನಲ್ಲಿ ಸಾರು ಮಾಡಿಕೊಳ್ಳುವ ಯೋಚನೆ ಬಿಡಿ. ಚಟ್ನಿಪುಡಿ ಒಯ್ಯಿರಿ, ಬೇಯಿಸಿದ ಬಿಸಿ ಆಲೂಗಡ್ಡೆಗೆ ಚೆನ್ನಾಗಿ ಹೊಂದುತ್ತದೆ.